ಒಡಕು ಹಲಗೆ

ನನ್ನ ಸೋದರಮಾವನ ಪೀಠೋಪಕರಣದ ಅಂಗಡಿ ಶಿವಮೊಗ್ಗದಲ್ಲಿತ್ತು. ಅಜ್ಜ ಆರಂಭಿಸಿ ಮಾವ ಮುಂದುವರಿಸಿದ ಅಂಗಡಿ ಅದು; ರಸ್ತೆಯ ಕಡೆಗೆ ಮಾರಾಟಕ್ಕಿಟ್ಟ ನಾಲ್ಕಾರು ಕುರ್ಚಿಗಳು ಮತ್ತು ಒಂದು ಮಂಚ, ಒಳಗೆ ಕೆಲಸದ ಕೋಣೆ, ಅದರಾಚೆ ಹಿತ್ತಿಲಲ್ಲಿ ತಗಡಿನ ಮಾಡಿನ ಕೆಳಗೆ ಮರದ ರಾಶಿ. ಮಾವ ತೀರಿಕೊಂಡ ಮೇಲೆ ಅಂಗಡಿಯೂ ನಿಂತಿತು. ಯಾವ ದಿನ ನಿಂತಿತು ಎಂದು ಕೇಳಿದರೆ ಮನೆಯವರು ಬಾಗಿಲಿಗೆ ಬೀಗ ಹಾಕಿದ ದಿನವನ್ನು ಹೇಳುತ್ತಾರೆ. ನನ್ನ ಮಟ್ಟಿಗೆ ಅದು ಮರದ ವ್ಯಾಪಾರಿಯೊಬ್ಬ ಲಾರಿ ತಂದು, ಅಜ್ಜನ ಕಾಲದಿಂದ ಒಣಗುತ್ತಿದ್ದ ಹಲಗೆಗಳನ್ನು ಒಂದೇ ಮಧ್ಯಾಹ್ನದಲ್ಲಿ ಹೇರಿಕೊಂಡು ಹೋದ ದಿನ. ಉಳಿ, ಕೊಡತಿ, ಗರಗಸಗಳನ್ನು ಯಾರು ಬೇಕಾದರೂ ಮತ್ತೆ ಕೊಳ್ಳಬಹುದು, ನಲವತ್ತು ವರ್ಷ ಒಣಗಿದ ಮರವನ್ನು ಕೊಳ್ಳಲಾಗದು ಎಂಬುದು ಆಗ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಆ ಲಾರಿ ನನಗೆ ಮತ್ತೆ ನೆನಪಾದದ್ದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ನಾನು ಈಗ ಇರುವ ನ್ಯೂಜೆರ್ಸಿಯಿಂದ ಹೊರಟು, ಲ್ಯಾಂಬರ್ಟ್‌ವಿಲ್ ಎಂಬ ಊರಿನಲ್ಲಿ ಡೆಲವೇರ್ ನದಿಯ ಸೇತುವೆ ದಾಟಿದರೆ ನ್ಯೂ ಹೋಪ್ ಎಂಬ ಸಣ್ಣ ಪಟ್ಟಣ ಸಿಗುತ್ತದೆ. ಅದರ ಹೊರವಲಯದಲ್ಲಿ, ಕಾಡಿನ ಅಂಚಿನ ಇಳಿಜಾರಿನಲ್ಲಿ, ಜಾರ್ಜ್ ನಕಾಶಿಮಾ ಕಟ್ಟಿದ, ಈಗ ಅವರ ಮಗಳು ಮಿರಾ ನಡೆಸಿಕೊಂಡು ಬಂದಿರುವ ಮರಗೆಲಸದ ಮನೆತನದ ಅಂಗಡಿಯಿದೆ. ಅಂಗಡಿ ಎಂದರೆ ಗಾಜಿನ ಕಿಟಕಿ, ಬೆಲೆಚೀಟಿಗಳು ಕಣ್ಣಿಗೆ ಬರಬಾರದು. ಮರಗಳ ನಡುವೆ ಚದುರಿದ ಹತ್ತಾರು ಕಟ್ಟಡಗಳು, ಅವುಗಳಲ್ಲಿ ಕೆಲವು ಕೆಲಸದ ಮನೆಗಳು, ಕೆಲವು ಬರೀ ಮರ ಇಡುವ ಕೊಟ್ಟಿಗೆಗಳು. ಅಲ್ಲಿ ದಿಮ್ಮಿಗಳನ್ನು ಕೊಯ್ದ ಹಲಗೆಗಳು ಕೊಯ್ದ ಕ್ರಮದಲ್ಲೇ ಒಂದರ ಮೇಲೊಂದು, ನಡುವೆ ಗಾಳಿಯಾಡಲು ಸಣ್ಣ ಪಟ್ಟಿಗಳನ್ನಿಟ್ಟುಕೊಂಡು ಕೂತಿರುತ್ತವೆ. ದೂರದಿಂದ ನೋಡಿದರೆ ಇಡೀ ಮರವೇ ತೆಳ್ಳಗೆ ಸೀಳಿಕೊಂಡು ಮಲಗಿದಂತೆ ಕಾಣುತ್ತದೆ. ಈ ಕುಟುಂಬದ ಅಂಗಡಿ ಏಕೆ ಉಳಿಯಿತು, ನಮ್ಮದು ಏಕೆ ಉಳಿಯಲಿಲ್ಲ ಎಂಬ ಪ್ರಶ್ನೆ ಅಲ್ಲಿಂದ ನನ್ನ ಬೆನ್ನು ಹತ್ತಿತು. ನಮ್ಮ ಮಾವನಿಗೆ ನಕಾಶಿಮಾರ ಪ್ರತಿಭೆ ಇರಲಿಲ್ಲ ಎನ್ನುವುದು ಸುಲಭದ ಉತ್ತರ. ಪ್ರತಿಭಾವಂತರ ಅಂಗಡಿಗಳೂ ಅವರೊಂದಿಗೇ ಮುಚ್ಚಿಹೋದದ್ದನ್ನು ನೋಡಿರುವುದರಿಂದ ನನಗೆ ಆ ಉತ್ತರ ಸಾಲದು.

ಜಾರ್ಜ್ ನಕಾಶಿಮಾ ಹುಟ್ಟಿದ್ದು 1905ರಲ್ಲಿ, ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ನಗರದಲ್ಲಿ, ಜಪಾನಿನಿಂದ ವಲಸೆ ಬಂದ ತಂದೆತಾಯಿಗೆ. ಅವರು ಬಡಗಿಗಳ ಮನೆಯವರಲ್ಲ, ಕಲಿತದ್ದು ವಾಸ್ತುಶಿಲ್ಪ. ಮೊದಲು ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ, ಅನಂತರ ಮಸಾಚುಸೆಟ್ಸ್‌ನ ಎಂಐಟಿಯಲ್ಲಿ. ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಅವರು ತಮ್ಮ ಕಾರನ್ನು ಮಾರಿ ಲೋಕ ಸುತ್ತುವ ಹಡಗಿನ ಟಿಕೆಟ್ ಕೊಂಡರು, ಪ್ಯಾರಿಸ್ಸಿನಲ್ಲಿ ಕೆಲಕಾಲ ಕಳೆದು ಕೊನೆಗೆ ಟೋಕಿಯೋ ಮುಟ್ಟಿದರು. ಅಲ್ಲಿ ಆಂಟೊನಿನ್ ರೇಮಂಡ್ ಎಂಬ ಚೆಕ್ ಮೂಲದ ಅಮೆರಿಕನ್ ವಾಸ್ತುಶಿಲ್ಪಿಯ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ್ದು ಅವರ ಬದುಕಿನ ದಾರಿಯನ್ನೇ ಬದಲಿಸಿತು, ಏಕೆಂದರೆ ಆ ಕಚೇರಿಗೆ ನಮ್ಮ ಪಕ್ಕದ ಪುದುಚೇರಿಯಿಂದ ಒಂದು ಕೆಲಸ ಬಂದಿತ್ತು.

ಶ್ರೀ ಅರವಿಂದ ಆಶ್ರಮಕ್ಕೆ ಸಾಧಕರು ಉಳಿದುಕೊಳ್ಳುವ ಒಂದು ವಸತಿಗೃಹ ಬೇಕಾಗಿತ್ತು. ಹೈದರಾಬಾದಿನ ದಿವಾನರಾಗಿದ್ದ ಸರ್ ಅಕ್ಬರ್ ಹೈದರಿಯವರ ಮೂಲಕ ನಿಜಾಮರ ಕಡೆಯಿಂದ ಹಣ ಒದಗಿದ್ದರಿಂದ ಅದಕ್ಕೆ ಗೋಲ್ಕೊಂಡ್ ಎಂದು ಹೆಸರಾಯಿತು. 1937ರಲ್ಲಿ ಕೆಲಸ ಆರಂಭವಾದಾಗ ಸ್ಥಳದಲ್ಲಿ ನಿಂತು ನೋಡಿಕೊಳ್ಳಲು ರೇಮಂಡ್ ಕಳಿಸಿದ್ದು ಮೂವತ್ತರ ಆಸುಪಾಸಿನ ನಕಾಶಿಮಾರನ್ನು. ಜೊತೆಗೆ ಫ್ರಾಂಟಿಶೆಕ್ ಸಾಮರ್ ಎಂಬ ಇನ್ನೊಬ್ಬ ಚೆಕ್ ವಾಸ್ತುಶಿಲ್ಪಿಯೂ ಇದ್ದರು. ಭಾರತದಲ್ಲಿ ಬಲವರ್ಧಿತ ಕಾಂಕ್ರೀಟಿನ ಆಧುನಿಕ ಕಟ್ಟಡಗಳು ಅಪರೂಪವಾಗಿದ್ದ ಕಾಲವದು. ಗೋಲ್ಕೊಂಡ್‌ನ ಕಿಟಕಿಗಳಿಗೆ ಗಾಜಿಲ್ಲ. ಗೋಡೆಯುದ್ದಕ್ಕೂ ಅಡ್ಡಡ್ಡ ಪಟ್ಟಿಗಳಿವೆ, ಬಿಸಿಲು ಮತ್ತು ಗಾಳಿಗೆ ತಕ್ಕಂತೆ ಅವನ್ನು ತಿರುಗಿಸಬಹುದು. ಕೋಣೆಗಳಿಗೆ ತೇಗದ ಜಾರುಬಾಗಿಲುಗಳು, ನೆಲಕ್ಕೆ ಕಪ್ಪುಕಲ್ಲು. ಬಾಗಿಲುಗಳ ಹಿತ್ತಾಳೆಯ ಹಿಡಿ, ಬಿಜಾಗರಿಗಳಿಗೆ ಆಶ್ರಮದಲ್ಲಿದ್ದ ಹಳೆಯ ಹಿತ್ತಾಳೆ ಪಾತ್ರೆಗಳನ್ನೇ ಕರಗಿಸಿ ಎರಕ ಹೊಯ್ದರು. ಕೆಲಸಗಾರರಲ್ಲಿ ಕೂಲಿಯವರ ಜೊತೆಗೆ ಆಶ್ರಮದ ಸಾಧಕರೂ ಇದ್ದರು. ಅವರಿಗೆ ಅದು ಸಾಧನೆಯ ಭಾಗವಾಗಿತ್ತು. ಇದೆಲ್ಲವನ್ನೂ ನೋಡುತ್ತ ನಕಾಶಿಮಾ ತಮ್ಮ ಸಂಬಳವನ್ನು ಬಿಟ್ಟುಕೊಟ್ಟು ತಾವೂ ಆಶ್ರಮವಾಸಿಯಾದರು. ಶ್ರೀ ಅರವಿಂದರು ಅವರಿಗಿಟ್ಟ ಹೆಸರು ಸುಂದರಾನಂದ. ಅವರು ವಿನ್ಯಾಸ ಮಾಡಿದ ಮೊದಮೊದಲ ಮಂಚ, ಮೇಜು, ಕುರ್ಚಿಗಳು ಆ ವಸತಿಗೃಹದ ಕೋಣೆಗಳಿಗಾಗಿ ತಯಾರಾದವು. ಅಮೆರಿಕದ ಮರಗೆಲಸದ ಚರಿತ್ರೆಯಲ್ಲಿ ಇಷ್ಟು ದೊಡ್ಡ ಹೆಸರಾದವರ ಕೈ ಮೊದಲು ಪಳಗಿದ್ದು ಬಂಗಾಳ ಕೊಲ್ಲಿಯ ದಡದ ತೇಗದ ಮೇಲೆ ಎಂಬುದು ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಪುದುಚೇರಿಗೆ ಹೋದಾಗ ಆ ಕಟ್ಟಡದ ಎದುರಿನಿಂದಲೇ ಎರಡು ಸಲ ನಡೆದುಹೋಗಿದ್ದ ನನಗೂ ಗೊತ್ತಿರಲಿಲ್ಲ.

1939ರಲ್ಲಿ ಅವರು ಪುದುಚೇರಿ ಬಿಟ್ಟರು. ಜಪಾನಿನಲ್ಲಿ ಪರಿಚಯವಾದ, ತಮ್ಮಂತೆಯೇ ಅಮೆರಿಕದಲ್ಲಿ ಹುಟ್ಟಿದ ಮೇರಿಯನ್ ಅವರನ್ನು 1941ರಲ್ಲಿ ಮದುವೆಯಾಗಿ ಸಿಯಾಟಲ್‌ನಲ್ಲಿ ಸಣ್ಣ ಮಟ್ಟದಲ್ಲಿ ಮರಗೆಲಸ ಆರಂಭಿಸಿದರು. ವಾಸ್ತುಶಿಲ್ಪದಲ್ಲಿ ತಾನು ಬರೆದ ನಕ್ಷೆಗೂ ಕೊನೆಗೆ ನಿಲ್ಲುವ ಕಟ್ಟಡಕ್ಕೂ ನಡುವೆ ಬಹಳ ಜನರ ಕೈ ಇರುತ್ತದೆ, ಮೊದಲಿನಿಂದ ಕೊನೆಯವರೆಗೆ ತನ್ನ ಹಿಡಿತದಲ್ಲಿರುವ ಕೆಲಸ ಬೇಕು ಎಂಬುದು ಅವರ ಹಂಬಲವಾಗಿತ್ತು. ಅಷ್ಟರಲ್ಲಿ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿಯಾಯಿತು. 1942ರ ಫೆಬ್ರವರಿಯಲ್ಲಿ ಅಧ್ಯಕ್ಷ ರೂಸ್ವೆಲ್ಟ್ ಹೊರಡಿಸಿದ ಆದೇಶದ ಬೆನ್ನಿಗೆ ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನಿ ಮೂಲದವರನ್ನು ಮನೆ ಬಿಡಿಸಿ ಮುಳ್ಳುತಂತಿಯ ಬೇಲಿಯೊಳಗೆ ತುಂಬಲಾಯಿತು. ಅವರಲ್ಲಿ ಬಹುಪಾಲು ಜನ ಅಮೆರಿಕದ ಪ್ರಜೆಗಳೇ. ಜಾರ್ಜ್, ಮೇರಿಯನ್ ಮತ್ತು ಹುಟ್ಟಿ ಕೆಲವೇ ವಾರಗಳಾಗಿದ್ದ ಮಗಳು ಮಿರಾ ಕೊನೆಗೆ ತಲುಪಿದ್ದು ಐಡಾಹೋ ರಾಜ್ಯದ ಬಯಲುಸೀಮೆಯಲ್ಲಿ ಹಲಗೆ ಮತ್ತು ಡಾಂಬರು ಕಾಗದದಿಂದ ಎಬ್ಬಿಸಿದ ಮಿನಿಡೋಕಾ ಎಂಬ ಶಿಬಿರಕ್ಕೆ.

ಆ ಶಿಬಿರದಲ್ಲಿ ಗೆಂಟಾರೊ ಹಿಕೊಗಾವಾ ಎಂಬ, ಜಪಾನಿನ ಸಾಂಪ್ರದಾಯಿಕ ರೀತಿಯಲ್ಲಿ ಪಳಗಿದ ಬಡಗಿ ಇದ್ದರು. ಎಂಐಟಿಯಲ್ಲಿ ಓದಿದ ವಾಸ್ತುಶಿಲ್ಪಿ ಅಲ್ಲಿ ಈ ಬಡಗಿಯ ಕೈಕೆಳಗೆ ಶಿಷ್ಯನಾದರು. ಜಪಾನಿ ಗರಗಸವನ್ನು ತನ್ನೆಡೆಗೆ ಎಳೆದು ಕೊಯ್ಯುವುದು, ಉಳಿಗೆ ಸಾಣೆ ಕೊಡುವುದು, ಮೊಳೆಯಿಲ್ಲದೆ ಮರಕ್ಕೆ ಮರ ಕೂಡಿಸುವುದು, ಎಲ್ಲವನ್ನೂ ಮೊದಲಿನಿಂದ ಕಲಿತರು. ಬಳಸಲು ಸಿಕ್ಕಿದ್ದು ಶಿಬಿರದ ಕಟ್ಟಡಗಳಿಂದ ಉಳಿದ ಚೂರು ಹಲಗೆಗಳು ಮತ್ತು ಆ ಬಯಲಿನಲ್ಲಿ ಬೆಳೆಯುವ ಗಂಟುಗಂಟಾದ ಕುರುಚಲು ಗಿಡಗಳ ಕಾಂಡ. ಬಾಗಿದ್ದನ್ನು ನೇರ ಮಾಡಲು, ಗಂಟನ್ನು ಕಿತ್ತೆಸೆಯಲು ಅಲ್ಲಿ ಹೆಚ್ಚುವರಿ ಮರವೇ ಇರಲಿಲ್ಲವಾದ್ದರಿಂದ ಬಾಗನ್ನೂ ಗಂಟನ್ನೂ ಇದ್ದಂತೆಯೇ ಒಪ್ಪಿಕೊಂಡು ಕೆಲಸ ಮಾಡಬೇಕಾಗಿತ್ತು. ಮುಂದೆ ಲೋಕ ಮೆಚ್ಚಿದ ಅವರ ಶೈಲಿಯ ಬೇರನ್ನು ಝೆನ್‌ನಲ್ಲಿಯೂ ಯೋಗದಲ್ಲಿಯೂ ಹುಡುಕುವವರು ಬಹಳ. ಅವೂ ಇರಬಹುದು, ಆದರೆ ನನಗೆ ಕಾಣುವ ಮಟ್ಟಿಗೆ ಅದರ ದೊಡ್ಡ ಬೇರು ಈ ಕೊರತೆಯಲ್ಲಿದೆ. ಸೆರೆಯೊಂದು ಒಳ್ಳೆಯ ಶಾಲೆಯಾಯಿತು ಎಂದು ಬರೆಯುವುದಕ್ಕೆ ಮಾತ್ರ ಮನಸ್ಸು ಒಪ್ಪುವುದಿಲ್ಲ. ಒಳ್ಳೆಯ ಶಾಲೆಯಾಗಿದ್ದವರು ಹಿಕೊಗಾವಾ, ಸೆರೆಯಲ್ಲ.

ಅಲ್ಲಿಂದ ಬಿಡುಗಡೆ ಸಿಕ್ಕಿದ್ದು 1943ರಲ್ಲಿ, ಹಳೆಯ ಯಜಮಾನ ರೇಮಂಡ್ ಅವರ ಜಾಮೀನಿನ ಮೇಲೆ. ಯುದ್ಧದ ಹೊತ್ತಿಗೆ ರೇಮಂಡ್ ಅಮೆರಿಕಕ್ಕೆ ಮರಳಿ ನ್ಯೂ ಹೋಪ್ ಬಳಿಯ ತಮ್ಮ ತೋಟದಲ್ಲಿ ನೆಲೆಸಿದ್ದರು, ನಕಾಶಿಮಾ ಅಲ್ಲಿ ಕೋಳಿ ಸಾಕುವ ಕೆಲಸಕ್ಕೆ ನಿಂತರು. ಇದೇ ವರ್ಷ ರೇಮಂಡ್ ಅಮೆರಿಕದ ಸೈನ್ಯಕ್ಕಾಗಿ ಯೂಟಾ ಮರುಭೂಮಿಯಲ್ಲಿ ಒಂದು ‘ಜಪಾನಿ ಹಳ್ಳಿ’ಯನ್ನು ವಿನ್ಯಾಸಗೊಳಿಸಿದರು, ಬೆಂಕಿಬಾಂಬುಗಳು ಜಪಾನಿನ ಮರದ ಮನೆಗಳನ್ನು ಹೇಗೆ ಸುಡುತ್ತವೆಂದು ಪರೀಕ್ಷಿಸಲು ಕಟ್ಟಿದ ಹಳ್ಳಿ ಅದು. ಜಪಾನಿನ ಮರಗೆಲಸವನ್ನು ಅಷ್ಟು ಪ್ರೀತಿಯಿಂದ ಬಲ್ಲ ಒಬ್ಬ ಮನುಷ್ಯ ಒಂದು ಕೈಯಿಂದ ಜಪಾನಿ ಮೂಲದ ಕುಟುಂಬವನ್ನು ಸೆರೆಯಿಂದ ಬಿಡಿಸಿ, ಇನ್ನೊಂದು ಕೈಯಿಂದ ಆ ನಕ್ಷೆ ಬರೆದದ್ದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೋ ನನಗೆ ತಿಳಿಯದು.

ಕೋಳಿಗಳ ಕೆಲಸ ನಕಾಶಿಮಾರಿಗೆ ಒಗ್ಗಲಿಲ್ಲ. ಸ್ವಲ್ಪ ಕಾಲದ ನಂತರ ಬಾಡಿಗೆ ಮನೆ ಹಿಡಿದು ಮರಗೆಲಸಕ್ಕೆ ಮರಳಿದರು, ಆಮೇಲೆ ಹತ್ತಿರದ ಇಳಿಜಾರಿನಲ್ಲಿ 3 ಎಕರೆ ಜಾಗವನ್ನು ಹಣದ ಬದಲು ತಮ್ಮ ದುಡಿಮೆ ಕೊಟ್ಟು ಪಡೆದರು. ಸಂಸಾರ ಡೇರೆಯಲ್ಲಿ ಇರುವಾಗಲೇ ಅವರು ಮೊದಲು ಕಟ್ಟಿದ್ದು ಕೆಲಸದ ಮನೆಯನ್ನು. ವಾಸದ ಮನೆ ಎದ್ದದ್ದು ಅನಂತರ, ಅದೂ ತಮ್ಮ ಕೈಯಿಂದಲೇ, ಸುತ್ತಮುತ್ತ ಸಿಕ್ಕ ಕಲ್ಲು ಮತ್ತು ಅಗ್ಗದ ಮರದಿಂದ. ಆ ಡೇರೆಯ ದಿನಗಳ ಬಗ್ಗೆ ಮೇರಿಯನ್ ಏನೆಂದುಕೊಂಡಿದ್ದರೋ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ, ಏಕೆಂದರೆ ಅಂಗಡಿಯ ಲೆಕ್ಕ, ಗಿರಾಕಿಗಳ ಪತ್ರ, ಕೆಲಸಗಾರರ ಸಂಬಳ, ಬಾಕಿ ವಸೂಲಿ, ಎಲ್ಲವೂ ದಶಕಗಳ ಕಾಲ ಅವರ ಮೇಲೆಯೇ ಇದ್ದವು. ಗಂಡನಿಗೆ ಒಳ್ಳೆಯ ದಿಮ್ಮಿ ಕಂಡರೆ ಕೊಳ್ಳದೆ ಬರಲು ಆಗುತ್ತಿರಲಿಲ್ಲ. ಇಪ್ಪತ್ತು ವರ್ಷದ ಮೇಲೆ ಯಾವುದೋ ಮೇಜಾಗಬಹುದಾದ ಮರಕ್ಕೆ ಈ ತಿಂಗಳೇ ಹಣ ಹೊಂದಿಸಬೇಕಾದವರ ಹೆಸರು ಮೇಜಿನ ಕೆಳಗೆ ಬರೆದಿರುವುದಿಲ್ಲ. ನಮ್ಮ ಶಿವಮೊಗ್ಗದ ಅಂಗಡಿಯಲ್ಲಿಯೂ ಉದ್ದನೆಯ ಕೆಂಪು ರಟ್ಟಿನ ಲೆಕ್ಕದ ಪುಸ್ತಕ ಇರುತ್ತಿದ್ದದ್ದು ಅತ್ತೆಯ ಕೈಯಲ್ಲಿ.

ಮೇಜಿನ ಕೆಳಗಿನ ಹೆಸರು ಎಂದೆನಲ್ಲ, ಅದು ಅಲ್ಲಿನ ವ್ಯಾಪಾರದ ಕ್ರಮ. ಗಿರಾಕಿ ಬಂದರೆ ಮೊದಲು ಅವರ ಮನೆ ಎಂಥದು, ಮೇಜಿಗೆ ಎಷ್ಟು ಜನ ಕೂರುತ್ತಾರೆ ಎಂಬ ಮಾತು. ಆಮೇಲೆ ಮರದ ಕೊಟ್ಟಿಗೆಗೆ ಹೋಗಿ ಹಲಗೆಗಳನ್ನು ಒಂದೊಂದಾಗಿ ನಿಲ್ಲಿಸಿ ನೋಡುವುದು. ಒಪ್ಪಿಗೆಯಾದ ಹಲಗೆಯನ್ನು ತೆಗೆದಿಟ್ಟು, ಪೆನ್ಸಿಲಿನಲ್ಲಿ ಒಂದು ಚಿತ್ರ ಬರೆದು, ಅಳತೆ ಮತ್ತು ಬೆಲೆ ಗೊತ್ತು ಮಾಡುವುದು. ಕೆಲಸ ಮುಗಿದಾಗ ಹಲಗೆಯ ತಳಭಾಗದಲ್ಲಿ ಗಿರಾಕಿಯ ಹೆಸರು ಇರುತ್ತಿತ್ತು. ಬಹಳ ವರ್ಷ ಅಲ್ಲಿ ಮಾಡಿದವರ ಸಹಿಯೇ ಇರುತ್ತಿರಲಿಲ್ಲ. ನಾಲ್ ಎಂಬ ದೊಡ್ಡ ಕಂಪನಿ 1940ರ ದಶಕದಲ್ಲಿ, ವಿಡ್ಡಿಕೂಂಬ್ ಎಂಬ ಇನ್ನೊಂದು ಕಂಪನಿ 1950ರ ದಶಕದಲ್ಲಿ ಅವರ ವಿನ್ಯಾಸಗಳನ್ನು ಕಾರ್ಖಾನೆಯಲ್ಲಿ ತಯಾರಿಸಿ ಮಾರಿದವು. ಆ ದಾರಿಯಲ್ಲಿ ಮುಂದೆ ಹೋಗಿದ್ದರೆ ಈ ಕುಟುಂಬಕ್ಕೆ ಹಣಕ್ಕೇನೂ ಕೊರತೆಯಾಗುತ್ತಿರಲಿಲ್ಲ. ಅವರು ಇಳಿಜಾರಿನ ಕೆಲಸದ ಮನೆಯನ್ನೇ ಮುಖ್ಯವಾಗಿ ಇಟ್ಟುಕೊಂಡರು.

ಇನ್ನು ಮರದ ಮಾತು. ನಕಾಶಿಮಾ ಹೆಚ್ಚಾಗಿ ಬಳಸಿದ್ದು ಅಮೆರಿಕದ ಕಪ್ಪು ಅಕ್ರೋಟ್ ಮರವನ್ನು. ದಿಮ್ಮಿಯನ್ನು ಹೇಗೆ ಕೊಯ್ಯಬೇಕೆಂದು ಸಾಮಿಲ್ಲಿನಲ್ಲಿ ಅವರೇ ನಿಂತು ಹೇಳುತ್ತಿದ್ದರು, ಏಕೆಂದರೆ ಅರ್ಧ ಇಂಚು ಆಚೀಚೆಯಾದರೂ ಒಳಗಿನ ಎಳೆಯ ಚಿತ್ತಾರ ಬೇರೆಯೇ ಆಗಿ ಹೊರಬರುತ್ತದೆ, ಒಮ್ಮೆ ಕೊಯ್ದ ಮೇಲೆ ತಿದ್ದಲಾಗದು. ಕೊಯ್ದ ಹಲಗೆಗಳು ವರ್ಷಗಟ್ಟಲೆ ಗಾಳಿಯಲ್ಲಿ ಒಣಗಿ, ಅನಂತರ ಶಾಖದ ಗೂಡಿನಲ್ಲಿ ಒಣಗಿ ಕೆಲಸಕ್ಕೆ ಬರುತ್ತವೆ. ಹಲಗೆಯ ಅಂಚನ್ನು ನೇರ ಕೊಯ್ಯದೆ, ತೊಗಟೆ ತೆಗೆದ ಮರದ ಮೈಯ ಬಳುಕನ್ನು ಹಾಗೆಯೇ ಉಳಿಸುವುದು ಅವರ ಕೆಲಸದ ಗುರುತಾಯಿತು. ಇವತ್ತು ಬೆಂಗಳೂರಿನ ಕಾಫಿ ಅಂಗಡಿಗಳಲ್ಲಿಯೂ ಅಂಥ ಅಂಚಿನ ಮೇಜುಗಳು ಕಾಣುತ್ತವೆ, ಕೆಲವನ್ನು ನೋಡಿದರೆ ಒಣಗುವ ಮೊದಲೇ ಪಾಲಿಶ್ ಬಳಿದಂತಿರುತ್ತದೆ, ಇರಲಿ. ಹಲಗೆಯಲ್ಲಿ ಒಡಕಿದ್ದರೆ ಅದನ್ನು ಮುಚ್ಚದೆ, ಒಡಕು ಮುಂದೆ ಹರಿಯದಂತೆ ಅದಕ್ಕೆ ಅಡ್ಡಲಾಗಿ ಚಿಟ್ಟೆಯ ಆಕಾರದ ತುಂಡುಗಳನ್ನು ಕೊರೆದು ಕೂರಿಸುತ್ತಾರೆ. ನಮ್ಮ ಆಚಾರಿಗಳಿಗೂ ಕಲ್ಲುಕುಟಿಗರಿಗೂ ಇಂಥ ಬೆಸುಗೆ ಹೊಸದಲ್ಲ. ಆದರೆ ನಮ್ಮಲ್ಲಿ ಅದು ಒಳಗೆ ಅಡಗಿ ಕೆಲಸ ಮಾಡುತ್ತದೆ, ನಕಾಶಿಮಾ ಅದನ್ನು ಮೇಜಿನ ನಡುಮೈಯಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟರು. ಆ ಚಿಟ್ಟೆಗಳಿಗೆ ಗಟ್ಟಿ ಮರವೇ ಬೇಕು. ಹೆಚ್ಚಾಗಿ ರೋಸ್‌ವುಡ್ ಬಳಸುತ್ತಿದ್ದರು. ಅದರ ಭಾರತೀಯ ಬಗೆಯೆಂದರೆ ನಮ್ಮ ಬೀಟೆ. ಕೆಲವು ಮೇಜುಗಳಿಗೆ ‘ಈಸ್ಟ್ ಇಂಡಿಯನ್ ಲಾರೆಲ್’ ಬಳಸಿದ್ದಾರೆಂದು ಓದಿ ಅದು ಯಾವುದಪ್ಪಾ ಎಂದು ಹುಡುಕಿದರೆ, ಮಲೆನಾಡಿನ ಮನೆಗಳ ತೊಲೆಯಾಗಿ ಹೊಗೆ ಕುಡಿಯುತ್ತ ಕೂತಿರುವ, ತೊಗಟೆ ಮೊಸಳೆಯ ಬೆನ್ನಿನಂತಿರುವ ಮತ್ತಿ ಮರ! ನಮ್ಮ ಮಾವ ಮತ್ತಿಯನ್ನು ಮನೆ ಕಟ್ಟುವವರಿಗೆ ಮಾತ್ರ ಲಾಯಕ್ಕೆಂದು ಹಿಂದಿನ ಮೂಲೆಗೆ ತಳ್ಳಿದ್ದರು.

ಹೆಸರು ಬೆಳೆದಂತೆ ದೊಡ್ಡ ಗಿರಾಕಿಗಳು ಬಂದರು. 1973ರಲ್ಲಿ ಅಮೆರಿಕದ ಶ್ರೀಮಂತ ರಾಜಕಾರಣಿ ನೆಲ್ಸನ್ ರಾಕ್‌ಫೆಲರ್ ತಮ್ಮ ಹೊಸ ಮನೆಗೆ 200ಕ್ಕೂ ಹೆಚ್ಚು ಪೀಠೋಪಕರಣಗಳನ್ನು ಮಾಡಿಸಿದರು. ಆ ಮನೆಯ ವಾಸ್ತುಶಿಲ್ಪಿ ಜುನ್ಜೊ ಯೋಶಿಮುರಾ ಟೋಕಿಯೋದ ರೇಮಂಡ್ ಕಚೇರಿಯ ಹಳೆಯ ಸಹೋದ್ಯೋಗಿಯೇ. ಅದಕ್ಕೂ ಮೊದಲು, 1964ರ ಸುಮಾರಿಗೆ, ನಕಾಶಿಮಾ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದು ಅಲ್ಲಿನ ಕಾರ್ಯಾಗಾರದಲ್ಲಿ ತಮ್ಮ ವಿನ್ಯಾಸಗಳನ್ನು ಮಾಡಿಸಿದ್ದರು. ಜಪಾನಿನ ತಾಕಾಮಾತ್ಸುವಿನ ಒಂದು ಕಾರ್ಯಾಗಾರದೊಂದಿಗೂ ಅದೇ ಕಾಲದಲ್ಲಿ ನಂಟು ಬೆಳೆಯಿತು.

ಮಗಳು ಮಿರಾ ಹಾರ್ವರ್ಡ್‌ನಲ್ಲಿಯೂ ಆಮೇಲೆ ಟೋಕಿಯೋದ ವಾಸೆದಾ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪವನ್ನೂ ಓದಿ, 1970ರಲ್ಲಿ ತಂದೆಯ ಕೆಲಸದ ಮನೆಗೆ ಬಂದು ಸೇರಿದರು. ತಂದೆಯ ಕೈಕೆಳಗೆ ಇಪ್ಪತ್ತು ವರ್ಷ ದುಡಿಯುವುದು ಸುಲಭವಲ್ಲ. ಹಲಗೆ ಆರಿಸುವ ಅಧಿಕಾರ ತಂದೆಯದು, ಚಿತ್ರ ಬರೆಯುವ ಅಧಿಕಾರ ತಂದೆಯದು. ಮಗಳ ಪಾಲಿಗೆ ಬಂದದ್ದು ಆ ಚಿತ್ರಗಳನ್ನು ಕೆಲಸಗಾರರಿಗೆ ಅರ್ಥವಾಗುವ ನಕ್ಷೆಗಳಾಗಿ ಮಾಡುವ ದುಡಿಮೆ. 1989ರಲ್ಲಿ ಪ್ರಿನ್ಸ್‌ಟನ್ ಊರಿನ ಒಬ್ಬ ದಂಪತಿಯ ಮನೆ ಬೆಂಕಿಗೆ ಸಿಕ್ಕಿ, ಅವರು ವರ್ಷಗಳಿಂದ ಮಾಡಿಸಿಟ್ಟುಕೊಂಡಿದ್ದ ನೂರಕ್ಕೂ ಹೆಚ್ಚು ನಕಾಶಿಮಾ ಪೀಠೋಪಕರಣಗಳು ಸುಟ್ಟುಹೋದವು. ಎಂಬತ್ತು ದಾಟಿದ್ದ ಜಾರ್ಜ್ ಅವನ್ನೆಲ್ಲ ಮತ್ತೆ ಮಾಡಿಕೊಡಲು ಒಪ್ಪಿಕೊಂಡರು. ಮುಂದಿನ ವರ್ಷ, 1990ರ ಜೂನ್‌ನಲ್ಲಿ, ಅವರು ತೀರಿಕೊಂಡರು.

ಸಾವಿನ ಸುದ್ದಿ ತಲುಪುತ್ತಿದ್ದಂತೆ ಅನೇಕ ಗಿರಾಕಿಗಳು ಕೊಟ್ಟಿದ್ದ ಕೆಲಸವನ್ನು ಹಿಂದಕ್ಕೆ ಪಡೆದರು. ಜಾರ್ಜ್ ಇಲ್ಲದ ಮೇಲೆ ಅದು ನಕಾಶಿಮಾ ಮೇಜು ಹೇಗಾದೀತು ಎಂಬುದು ಅವರ ತರ್ಕ. ಅದೇ ಕೆಲಸಗಾರರು, ಅದೇ ಉಪಕರಣ, ಅದೇ ಮರ, ಇಪ್ಪತ್ತು ವರ್ಷ ಎಲ್ಲವನ್ನೂ ನೋಡಿದ ಅದೇ ಮಗಳು. ಬದಲಾದದ್ದು ಒಂದೇ ಹೆಸರು. ನಮ್ಮ ಮನೆಯಲ್ಲೂ ಹೀಗೆಯೇ ಆಯಿತು. ಮಾವನ ಹನ್ನೊಂದನೆಯ ದಿನ ಮುಗಿಯುವ ಮೊದಲೇ ಇಬ್ಬರು ಮುಂಗಡ ವಾಪಸು ಕೇಳಿಕೊಂಡು ಬಂದರು, ಅತ್ತೆ ಪುಸ್ತಕ ನೋಡಿ ಕೊಟ್ಟು ಕಳಿಸಿದರು. ಆದರೆ ನ್ಯೂ ಹೋಪ್‌ನಲ್ಲಿ ಕೊಟ್ಟಿಗೆಗಳ ತುಂಬ ಜಾರ್ಜ್ ಕೊಂಡು, ಕೊಯ್ಯಿಸಿ, ಒಣಗಲಿಟ್ಟ ಹಲಗೆಗಳಿದ್ದವು. ಅವುಗಳಲ್ಲಿ ಪ್ರತಿಯೊಂದೂ ಅರ್ಧ ಮುಗಿದ ನಿರ್ಧಾರ; ಎಲ್ಲಿ ಕೊಯ್ಯಬೇಕೆಂಬುದನ್ನು ತಂದೆ ಮಾಡಿಹೋಗಿದ್ದಾರೆ, ಏನಾಗಬೇಕೆಂಬುದನ್ನು ಮಗಳು ಮಾಡಬೇಕು. ಹೆಸರನ್ನು ಹಿಂದಕ್ಕೆ ಪಡೆಯಬಹುದು, ಒಣಗಿದ ಮರವನ್ನು ಹಿಂದಕ್ಕೆ ಪಡೆಯಲಾಗದು. ಮಿರಾ ಆ ರಾಶಿಯನ್ನು ಮಾರಲಿಲ್ಲ. ಮೊದಲು ಸುಟ್ಟುಹೋದ ಮನೆಯ ಕೆಲಸವನ್ನು ಪೂರೈಸಿದರು. ಆಮೇಲೆ ತಮ್ಮದೇ ವಿನ್ಯಾಸಗಳನ್ನು ‘ಕೇಶೊ’ ಎಂಬ ಹೆಸರಿನಲ್ಲಿ ಹೊರತಂದರು. ಜಪಾನಿಯಲ್ಲಿ ಅದಕ್ಕೆ ಉತ್ತರಾಧಿಕಾರ, ಮುಂದುವರಿಕೆ ಎಂಬ ಅರ್ಥಗಳಿವೆ. ಅಲ್ಲಿನ ಸಂಗೀತಗಾರರು ಕೂತು ನುಡಿಸುವುದಕ್ಕೆಂದೇ ಅವರು ರೂಪಿಸಿದ ಒಂದು ಕುರ್ಚಿ ತಂದೆಯ ಕುರ್ಚಿಗಳಂತೆ ಕಾಣುವುದಿಲ್ಲ, ಬೇರೆಯವರ ಮನೆಯ ಕುರ್ಚಿಯಂತೆಯೂ ಕಾಣುವುದಿಲ್ಲ. 2014ರಲ್ಲಿ ಅಮೆರಿಕ ಸರ್ಕಾರ ಆ ಇಡೀ ಆವರಣವನ್ನು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಘೋಷಿಸಿತು. ಎಪ್ಪತ್ತೆರಡು ವರ್ಷ ಹಿಂದೆ ಬೇಲಿಯೊಳಗೆ ತಳ್ಳಿದ್ದೂ ಅದೇ ಸರ್ಕಾರವೇ.

ಜಾರ್ಜ್ ಬದುಕಿದ್ದಾಗಲೇ, 1984ರಲ್ಲಿ, ಒಂದು ಭಾರೀ ಅಕ್ರೋಟ್ ದಿಮ್ಮಿ ಕೈಗೆ ಬಂದಿತ್ತು. ಅದನ್ನು ಯಾವ ಶ್ರೀಮಂತರ ಊಟದ ಮನೆಗೂ ಕೊಡಲು ಮನಸ್ಸಾಗದೆ, ಲೋಕದ ಒಂದೊಂದು ಖಂಡಕ್ಕೂ ಒಂದೊಂದು ಶಾಂತಿಪೀಠ ಮಾಡಬೇಕೆಂದು ಅವರು ಸಂಕಲ್ಪಿಸಿದರು. ಅಕ್ಕಪಕ್ಕದ ಎರಡು ಹಲಗೆಗಳನ್ನು ಪುಸ್ತಕ ಬಿಚ್ಚಿದಂತೆ ಎದುರುಬದುರು ಇಟ್ಟು, ನಡುವಿನ ಸಂದಿಯನ್ನು ಚಿಟ್ಟೆಗಳಿಂದ ಕೂಡಿಸಿದ ಮೊದಲ ಪೀಠ 1986ರ ಕೊನೆಯ ದಿನ ನ್ಯೂಯಾರ್ಕಿನ ಸೇಂಟ್ ಜಾನ್ ದಿ ಡಿವೈನ್ ಚರ್ಚಿನಲ್ಲಿ ನೆಲೆಗೊಂಡಿತು. ಇನ್ನೊಂದು ಅವರು ತೀರಿಕೊಂಡ ಮೇಲೆ, 1996ರಲ್ಲಿ, ಮಿರಾ ಅವರ ಮುತುವರ್ಜಿಯಿಂದ ಪುದುಚೇರಿ ಪಕ್ಕದ ಆರೋವಿಲ್‌ಗೆ ಬಂತು. ಸುಂದರಾನಂದರು ತೇಗದ ಮೇಲೆ ಕೈ ಪಳಗಿಸಿಕೊಂಡ ಗೋಲ್ಕೊಂಡ್ ಅಲ್ಲಿಂದ ಬಸ್ಸಿನ ದಾರಿ.

ನ್ಯೂ ಹೋಪ್‌ನಿಂದ ಮರಳಿದ ವಾರ ಅತ್ತೆಗೆ ಫೋನ್ ಮಾಡಿದ್ದೆ. ಅವರಿಗೆ ಈಗ ಕಿವಿ ಸ್ವಲ್ಪ ಮಂದ, ನೆನಪು ಮಾತ್ರ ಲೆಕ್ಕದ ಪುಸ್ತಕದಷ್ಟೇ ಚೊಕ್ಕ. ಲಾರಿ ಬಂದ ದಿನ ಏನಾದರೂ ಉಳಿದಿತ್ತೇ ಎಂದು ಕೇಳಿದೆ. “ಒಂದು ಮತ್ತಿ ಹಲಗೆ ಉಳೀತು. ಒಡಕಿದೆ ಅಂತ ಅವನು ತಗೊಂಡು ಹೋಗಲೇ ಇಲ್ಲ,” ಎಂದರು. ಈಗ ಎಲ್ಲಿದೆ ಎಂದೆ. “ಅಟ್ಟದ ಮೇಲೆ. ಹಪ್ಪಳದ ಡಬ್ಬಿ ಇಟ್ಟಿದೀನಿ. ಯಾಕೆ ಪುಟ್ಟಾ, ನಿಂಗೆ ಬೇಕಿತ್ತಾ?” ಒಡಕು ಎಷ್ಟು ಉದ್ದವಿದೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಆ ಕಡೆ ಮಾತಿಲ್ಲ, ಆಮೇಲೆ ಅತ್ತೆ ಯಾರನ್ನೋ ಕರೆದು ಏಣಿ ತರಲು ಹೇಳುತ್ತಿರುವುದು ಕೇಳಿಸಿತು.